ಶಾಸ್ತ್ರೋತ್ಸವಕ್ಕೆ ಡೈನೋಸಾರ್ ಸಾಕು, ಈ ಸಲ ಡೈಕ್ಟೊಡಾನ್ ಬಿಲ ಮಾಡಿ

ಶಾಸ್ತ್ರೋತ್ಸವ, ಅಂದರೆ ಕೇರಳದ ಶಾಲೆಗಳ ವಿಜ್ಞಾನ ಮೇಳ ಬಂತೆಂದರೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮಕ್ಕಳು ಹೊರಡುವುದೇ ಥರ್ಮೋಕೋಲ್ ಡೈನೋಸಾರ್ ಹಿಡಿದುಕೊಂಡು. ನೋಡಿ ನೋಡಿ ಸಾಕಾಗಿದೆ, ಅಲ್ವಾ? ಡೈನೋಸಾರ್‌ಗಿಂತ ಎರಡು ಕೋಟಿ ವರ್ಷಕ್ಕೂ ಹಿಂದಿನದು ಡೈಕ್ಟೊಡಾನ್ ಎಂಬ ಪ್ರಾಣಿ. ಸುಮಾರು 25.5 ಕೋಟಿ ವರ್ಷ ಹಳೆಯದು. ಒಂದೂವರೆ ಅಡಿ ಉದ್ದ, ದೊಡ್ಡ ತಲೆ, ಗಿಡ ಕತ್ತರಿಸಲು ಕೊಕ್ಕು, ಕೆಲವಕ್ಕೆ ಎರಡು ಕೋರೆಹಲ್ಲು. ಸಸ್ತನಿಗಳ ದೂರದ ದಾಯಾದಿ. ಆದರೆ ಪ್ರಾಣಿಯ ಬೊಂಬೆ ಮಾಡಿ ಸುಮ್ನೆ ನಿಲ್ಲಿಸಬೇಡಿ, ಅದರ ಬಿಲ ಮಾಡಿ. ಕಥೆ ಇರುವುದು ಅಲ್ಲಿ.

ನೀರಿಗಾಗಿ ಗುಡ್ಡ ಕೊರೆದು ಮಾಡುವ ಸುರಂಗ ನೋಡಿದ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಸುಲಭ. ನಮ್ಮ ಸುರಂಗ ಗುಡ್ಡಕ್ಕೆ ಅಡ್ಡವಾಗಿ ಹೋಗುತ್ತದೆ, ಡೈಕ್ಟೊಡಾನ್ ಬಿಲ ತಿರುಪಿನಂತೆ ಸುತ್ತುತ್ತಾ ಕೆಳಗಿಳಿದು ಒಂದು ಕೋಣೆಯಲ್ಲಿ ಮುಗಿಯುತ್ತದೆ. ನೆರೆ ಬಂದಾಗ ಅದರೊಳಗೆ ಕೆಸರು ತುಂಬಿತು, ಕೆಸರು ಕಲ್ಲಾಯಿತು, ಸುತ್ತಲಿನ ಮೆತ್ತಗಿನ ಭಾಗ ಸವೆದ ಮೇಲೆ ಬಿಲದ ಅಚ್ಚು ಉಳಿಯಿತು. ಮಾದರಿಯಲ್ಲಿ ಇದನ್ನೇ ಮಾಡಿ ತೋರಿಸಬೇಕು.

ಹಾರ್ಡ್‌ವೇರ್ ಅಂಗಡಿಯಲ್ಲಿ ಮೇಸ್ತ್ರಿಗಳ ಲೆವೆಲ್ ಪೈಪಿನಂಥದ್ದೇ, ಆದರೆ ಹೆಬ್ಬೆರಳು ದಪ್ಪದ ಪಾರದರ್ಶಕ ಪೈಪು ಒಂದು ಮೀಟರ್ ತನ್ನಿ. ಒಳಗೆ ತೆಂಗಿನೆಣ್ಣೆ ಸುರಿದು, ಎಲ್ಲ ಕಡೆ ತಾಗಿದ ಮೇಲೆ ಹೊರಗೆ ಚೆಲ್ಲಿ. ಎಣ್ಣೆ ಹಾಕದಿದ್ದರೆ ಆಮೇಲೆ ಪೈಪು ಬಿಡಿಸಲು ಆಗುವುದಿಲ್ಲ. ಒಂದು ಸಪೂರ ತಂತಿಯನ್ನೂ ಒಳಗೆ ತೂರಿಸಿ, ಅಚ್ಚು ತುಂಡಾದರೂ ಕೈಬಿಡುವುದಿಲ್ಲ. ನಾಲ್ಕಿಂಚಿನ ಪಿವಿಸಿ ಕೊಳವೆಗೆ ಎರಡು ಸುತ್ತು ಸುತ್ತಿ, ಕಟ್ಟಿ, ಕೆಳಬಾಯಿಗೆ ಆವೆಮಣ್ಣು ಮೆತ್ತಿ. ಪ್ಲಾಸ್ಟರ್ ಆಫ್ ಪ್ಯಾರಿಸನ್ನು ತೆಳ್ಳಗೆ ಕಲಸಿ, ಒಂದು ಮುಷ್ಟಿ ಜರಡಿ ಹಿಡಿದ ಕೆಂಪುಮಣ್ಣು ಸೇರಿಸಿ, ಆಲಿಕೆಯಲ್ಲಿ ನಿಧಾನ ಹೊಯ್ಯಿರಿ. ಪೈಪಿಗೆ ಬೆರಳಿನಿಂದ ತಟ್ಟುತ್ತಾ ಇದ್ದರೆ ಗುಳ್ಳೆಗಳು ಸಾಲಾಗಿ ಮೇಲೇರಿ ಬರುವುದು ಕಾಣುತ್ತದೆ, ಅದು ನಿಂತ ಮೇಲೆ ಇನ್ನಷ್ಟು ಹೊಯ್ಯಿರಿ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ, ಮಕ್ಕಳು ಕೈ ಅದ್ದಬಾರದು. ಉಳಿದದ್ದನ್ನು ಸಿಂಕಿಗೆ ಸುರಿದರೆ ಸಿಂಕು ಹೋಯಿತು ಎಂದೇ ಲೆಕ್ಕ.

ಮರುದಿನ ಹೊರಬದಿಗೆ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಪೈಪು ಸುಲಿಯಿರಿ. ಇದು ದೊಡ್ಡವರ ಕೆಲಸ.

ಕೋಣೆಗೆ ತೆಂಗಿನ ಗೆರಟೆ ಸಾಕು. ಅರ್ಧ ಗೆರಟೆಯೊಳಗೆ ಆವೆಮಣ್ಣಿನ ಡೈಕ್ಟೊಡಾನನ್ನು ಮುದುಡಿ ಮಲಗಿಸಿ ಬಿಲದ ತುದಿಗೆ ಅಂಟಿಸಿ. ಮೂಗಿನಿಂದ ಬಾಲದವರೆಗೆ ಏಳೂವರೆ ಸೆಂಟಿಮೀಟರ್ ಇದ್ದರೆ ನಿಜವಾದದ್ದರ ಆರನೇ ಒಂದು ಪಾಲು. ಬಾಲ ಗಿಡ್ಡ ಇರಲಿ.

ತೀರ್ಪುಗಾರರು ಕೇಳುವುದು ಒಂದೇ: ಬಿಲ ತೋಡಿದ್ದು ಇದೇ ಎಂದು ಹೇಗೆ ಗೊತ್ತು? ದಕ್ಷಿಣ ಆಫ್ರಿಕಾದ ಕರೂ ಪ್ರದೇಶದಲ್ಲಿ ಇಂಥ ಬಿಲಗಳ ಕೋಣೆಯಲ್ಲೇ ಮುದುಡಿ ಮಲಗಿದ ಅಸ್ಥಿಪಂಜರಗಳು ಸಿಕ್ಕಿವೆ, 1987ರಲ್ಲಿ ಪಳೆಯುಳಿಕೆ ತಜ್ಞ ರೋಜರ್ ಸ್ಮಿತ್ ಅದನ್ನು ವಿವರಿಸಿದರು ಎಂದು ಮಗು ಹೇಳಿದರೆ ಮುಗಿಯಿತು. ನಮ್ಮ ದೇಶದ್ದು ಏನಾದರೂ ಇದೆಯಾ ಎಂದರೆ ತೆಲಂಗಾಣದ ಪ್ರಾಣಹಿತಾ–ಗೋದಾವರಿ ಕಣಿವೆಯ ಕುಂದಾರಂ ಹೆಸರು ಹೇಳಲಿ, ಇದೇ ಬಳಗದ ಪಳೆಯುಳಿಕೆಗಳು ಅಲ್ಲಿವೆ. ಆಗ ಭಾರತ, ಆಫ್ರಿಕಾ ಎರಡೂ ಒಂದೇ ಭೂಖಂಡದಲ್ಲಿದ್ದವು. ಮನೆ ಹಿಂದಿನ ಮುರಕಲ್ಲಿನಲ್ಲಿ ಹುಡುಕಲು ಹೊರಡಬೇಡಿ, ಅದರಲ್ಲಿ ಇಂಥದ್ದು ಸಿಗುವುದಿಲ್ಲ.

ಚೀಟಿಯನ್ನು ಕನ್ನಡದ ಜೊತೆ ಮಲಯಾಳದಲ್ಲೂ ಬರೆಸಿ, ತೀರ್ಪುಗಾರರು ಯಾರು ಬರುತ್ತಾರೋ ಹೇಳಲಾಗದು. ಬಸ್ಸಿನಲ್ಲಿ ಒಯ್ಯುವಾಗ ಪಿವಿಸಿ ಕೊಳವೆಯನ್ನು ಒಳಗಿನಿಂದ ತೆಗೆಯಬೇಡಿ, ಮೇಜಿನ ಮೇಲೆ ಇಟ್ಟ ಮೇಲೆಯೇ ತಿರುಗಿಸಿ ಎಳೆಯಿರಿ.