ಪ್ರಾಜೆಕ್ಟ್ ನಡುವೆ ಲ್ಯಾಪ್‌ಟಾಪ್ ಕೈಕೊಟ್ಟರೆ ಮೊದಲು ಏನು ಉಳಿಸಿಕೊಳ್ಳಬೇಕು

ಹಾರ್ಡ್ ಡಿಸ್ಕಿನಿಂದ ಕಟ್ ಕಟ್ ಅಂತ ಸದ್ದು ಶುರುವಾದರೆ ತಕ್ಷಣ ಲ್ಯಾಪ್‌ಟಾಪ್ ಆಫ್ ಮಾಡಿ. ಸರಿಹೋಯಿತಾ ಅಂತ ಮತ್ತೆ ಮತ್ತೆ ಆನ್ ಮಾಡಬೇಡಿ. ಕೊನೆಯ ಸೆಮಿಸ್ಟರ್‌ನಲ್ಲಿ, ಡೆಮೊಗೆ ಹನ್ನೊಂದು ದಿನ ಇದ್ದಾಗ, ನಾನು ಐದು ಸಲ ಆನ್ ಮಾಡಿದೆ. ಆರನೇ ಸಲಕ್ಕೆ ಡಿಸ್ಕೇ ಕಾಣಲಿಲ್ಲ.

ಅಡಿಕೆ ಸೋಗೆಯ ಫೋಟೊ ನೋಡಿ ಎಲೆಚುಕ್ಕಿ ರೋಗ ಇದೆಯೋ ಇಲ್ಲವೋ ಹೇಳುವ ಪ್ರೋಗ್ರಾಮ್ ನಮ್ಮದು. ಕೋಡ್ ಗಿಟ್‌ಹಬ್‌ನಲ್ಲಿ (ಕೋಡ್ ಇಟ್ಟುಕೊಳ್ಳುವ ಆನ್‌ಲೈನ್ ತಾಣ) ಭದ್ರವಾಗಿತ್ತು. ಫೋಟೊಗಳನ್ನೂ ಒಂದೇ ಜಿಪ್ ಮಾಡಿ ಹಾಕಲು ಹೋಗಿದ್ದೆ. 100 ಎಂಬಿಗಿಂತ ದೊಡ್ಡ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಜಿಪ್ಪನ್ನು ಗಿಟ್‌ಇಗ್ನೋರ್‌ಗೆ, ಅಂದರೆ ಗಿಟ್‌ಹಬ್‌ಗೆ ಕಳಿಸಬಾರದ ಫೈಲುಗಳ ಪಟ್ಟಿಗೆ, ಸೇರಿಸಿದವಳು ಅದನ್ನು ಬೇರೆಲ್ಲೂ ಇಡಲಿಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ, ಮಳೆಗಾಲದಲ್ಲಿ, ಅಪ್ಪ ದೋಟಿಯಿಂದ ಸೋಗೆ ಎಳೆದು ಕೊಟ್ಟಂತೆಲ್ಲ ತೆಗೆದ 1,400 ಫೋಟೊ ಅವು. ಬೇಸಿಗೆಯಲ್ಲಿ ಅಂಥ ಸೋಗೆಗಳನ್ನು ಎಲ್ಲಿಂದ ತರಲಿ? ಕೋಡ್ ಹೋದರೆ ನಾಲ್ಕು ರಾತ್ರಿ ನಿದ್ದೆಗೆಟ್ಟು ಮತ್ತೆ ಬರೆಯಬಹುದು. ಕಳೆದುಹೋದ ಮಳೆಗಾಲವನ್ನು ಯಾರೂ ವಾಪಸ್ ಕೊಡುವುದಿಲ್ಲ.

ಹಾಗಾಗಿ ಡಿಸ್ಕ್ ಇನ್ನೂ ಕಾಣುತ್ತಿದ್ದರೆ ಹೀಗೆ ಮಾಡಿ. ಗೆಳೆಯರ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್ ಡ್ರೈವಿಗೆ ಉಬುಂಟು (ವಿಂಡೋಸ್‌ನಂಥದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿಕೊಳ್ಳಿ. ಅದರಿಂದ ನಿಮ್ಮ ಲ್ಯಾಪ್‌ಟಾಪ್ ಬೂಟ್ ಮಾಡಿ, ‘ಟ್ರೈ’ ಆರಿಸಿ. ‘ಇನ್‌ಸ್ಟಾಲ್’ ಕಡೆ ಕೈ ಹಾಕಲೇಬೇಡಿ. ಡಿಸ್ಕ್ ಸರಿಪಡಿಸುವ ವಿಂಡೋಸ್ ಪ್ರೋಗ್ರಾಮ್ ಚೆಕ್‌ಡಿಸ್ಕ್ ಓಡಿಸಿ ಅಂತ ಹೇಳುವವರು ಸಿಗುತ್ತಾರೆ, ಕೇಳಬೇಡಿ: ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಬರೆಯಲು ಹೊರಟರೆ ಇದ್ದದ್ದೂ ಹೋದೀತು. ಮತ್ತೆ ಹುಟ್ಟಿಸಲಾಗದ್ದನ್ನು ಮೊದಲು ಇನ್ನೊಂದು ಡ್ರೈವಿಗೆ ಕಾಪಿ ಮಾಡಿ. ಅಂದರೆ ಫೋಟೊ, ಸೆನ್ಸರ್ ಲೆಕ್ಕ, ಸರ್ವೆಯ ಉತ್ತರಗಳು. ಆಮೇಲೆ ಟ್ರೇನ್ ಆದ ಮಾಡೆಲ್ (ಡೇಟಾ ನೋಡಿ ಕಲಿತ ಪ್ರೋಗ್ರಾಮ್), ರಿಪೋರ್ಟ್. ಪೈಥಾನ್ ಲೈಬ್ರರಿಗಳನ್ನು ಬಿಟ್ಟುಬಿಡಿ, ಮತ್ತೆ ಡೌನ್‌ಲೋಡ್ ಆಗುತ್ತವೆ.

ಇಲ್ಲೊಂದು ಅಡ್ಡಿ ಬರಬಹುದು. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಇಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವ ಇವತ್ತೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಪರದೆ ಕಪ್ಪಾಗಿದ್ದರೆ ಗಾಬರಿ ಬೇಡ. ಚಾರ್ಜರ್ ಕಿತ್ತು ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದು ನೋಡಿ. ಆಗಲಿಲ್ಲವೆಂದರೆ ಲ್ಯಾಬಿನ ಮಾನಿಟರಿಗೆ ಎಚ್‌ಡಿಎಂಐ ಕೇಬಲ್ ಹಾಕಿ. ಅಲ್ಲಿ ಚಿತ್ರ ಬಂದರೆ ಹೋಗಿರುವುದು ಪರದೆ ಮಾತ್ರ, ಹಾಗೇ ಕೆಲಸ ಮುಂದುವರಿಸಬಹುದು. ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜಿಗೆ ಹಾಕದೆ, ಒತ್ತದೆ, ನೇರ ಅಂಗಡಿಗೆ ಒಯ್ಯಿರಿ. ರಿಪೇರಿಗೆ ಕೊಡುವಾಗ ‘ಡೇಟಾ ಬೇಕು, ಫಾರ್ಮ್ಯಾಟ್ ಮಾಡಬಾರದು’ ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ.

ಕರೆಂಟ್ ಹೋಗಿ ಕಂಪ್ಯೂಟರ್ ದಿಢೀರನೆ ಆಫ್ ಆದರೆ ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಪ್ರೋಗ್ರಾಮ್) ಕೆಡುವುದುಂಟು. ಆಬ್ಜೆಕ್ಟ್ ಫೈಲ್ (ಗಿಟ್ ಒಳಗೆ ಇಟ್ಟುಕೊಳ್ಳುವ ಪ್ರತಿ) ಖಾಲಿ ಅನ್ನುತ್ತದೆ. ಪ್ರಾಜೆಕ್ಟ್ ಫೋಲ್ಡರ್ ಅಳಿಸಬೇಡಿ. ಅದರ ಹೆಸರು ಬದಲಿಸಿ, ಗಿಟ್‌ಹಬ್‌ನಿಂದ ಹೊಸದಾಗಿ ಕ್ಲೋನ್ ಮಾಡಿ (ಪೂರ್ತಿ ಪ್ರತಿ ಇಳಿಸಿಕೊಂಡು), ಇವತ್ತು ಬದಲಿಸಿದ ಫೈಲುಗಳನ್ನಷ್ಟೇ ಅದಕ್ಕೆ ತಂದು ಹಾಕಿ.

ಯಂತ್ರ ಕೆಟ್ಟ ದಿನವೇ ಗೈಡ್‌ಗೆ ಹೇಳಿ. ನಾನು ಮೂರು ದಿನ ಹೆದರಿ ಸುಮ್ಮನಿದ್ದೆ. ಹೇಳಿದ ಮೇಲೆ ಮೇಡಂ ಬೈಯಲಿಲ್ಲ, ಸಂಜೆ ಲ್ಯಾಬಿನ ಬೀಗದ ಕೈ ಕೊಟ್ಟರು. ಮಾಡೆಲ್ಲಿನ ಟ್ರೇನಿಂಗ್ ಕೊಲ್ಯಾಬ್‌ನಲ್ಲಿ (ಬ್ರೌಸರಿನಲ್ಲೇ ಕೋಡ್ ಓಡಿಸುವ ಗೂಗಲ್ ಸೇವೆ) ನಡೆಯಿತು. ಉಚಿತ ಸೆಷನ್ ಹೆಚ್ಚೆಂದರೆ 12 ಗಂಟೆ, ಮುಗಿದರೆ ಒಳಗಿನ ಫೈಲುಗಳೂ ಹೋಗುತ್ತವೆ, ಹಾಗಾಗಿ ಮಾಡೆಲ್ಲನ್ನು ಆಗಾಗ ಗೂಗಲ್ ಡ್ರೈವಿಗೆ ಉಳಿಸುತ್ತಿದ್ದೆವು.

ಫೋಟೊಗಳಾ? ಅವತ್ತವತ್ತು ತೆಗೆದದ್ದರಲ್ಲಿ ಒಂದಷ್ಟನ್ನು ಅಪ್ಪನಿಗೆ ವಾಟ್ಸ್ಆ್ಯಪ್ ಮಾಡುತ್ತಿದ್ದೆ. ಅಪ್ಪ ಒಂದನ್ನೂ ಅಳಿಸಿರಲಿಲ್ಲ. ಆರು ನೂರಕ್ಕೂ ಹೆಚ್ಚು ಸಿಕ್ಕವು. ವಾಟ್ಸ್ಆ್ಯಪ್ ಅವನ್ನು ಕುಗ್ಗಿಸಿತ್ತು, ಆದರೆ ಚಿತ್ರ ಗುರುತಿಸುವ ನಮ್ಮ ಮೊಬೈಲ್‌ನೆಟ್ ಮಾಡೆಲ್ ನೋಡುವುದೇ 224 × 224 ಪಿಕ್ಸೆಲ್ ಚಿತ್ರ. ಅಷ್ಟು ಸಾಕಾಯಿತು.

ಪ್ರೋಗ್ರಾಮ್ ಮೊದಲ ಸಲ ಸರಿಯಾಗಿ ಓಡಿದ ದಿನವೇ ಡೆಮೊದ ವಿಡಿಯೊ ಮಾಡಿಟ್ಟುಕೊಳ್ಳಿ. ಡೇಟಾದ ಇನ್ನೊಂದು ಪ್ರತಿ ಪೆನ್ ಡ್ರೈವಿನಲ್ಲಿರಲಿ, ಆದರೆ ಆ ಪೆನ್ ಡ್ರೈವ್ ಲ್ಯಾಪ್‌ಟಾಪ್ ಬ್ಯಾಗಿನಲ್ಲಿರುವುದು ಬೇಡ. ಬಸ್ಸಿನಲ್ಲಿ ಬ್ಯಾಗ್ ಮರೆತರೆ ಎರಡೂ ಒಟ್ಟಿಗೆ ಹೋಗುತ್ತವೆ.