ಕಲಬುರಗಿ ಬಿಸಿಲಿನಲ್ಲಿ ಸಣ್ಣ ವಿಮಾನ: ಇಂಧನದ ಲೆಕ್ಕ, ಇಂಜಿನ್ನಿನ ತೊಂದರೆ

ಸಣ್ಣ ವಿಮಾನದ ಇಂಜಿನ್ ಆಕಾಶದಲ್ಲಿ ಕೈಕೊಟ್ಟಾಗ ಕಾರಣ ಹುಡುಕುತ್ತ ಹೋದರೆ ಎಷ್ಟೋ ಸಲ ಅದು ನೆಲದ ಮೇಲೆಯೇ ಸಿಗುತ್ತದೆ: ಅಳೆಯದೆ ಬಿಟ್ಟ ಟ್ಯಾಂಕು, ತಳದಲ್ಲಿ ನಿಂತ ನೀರು, ಮುಚ್ಚಿಹೋದ ವೆಂಟು (ಟ್ಯಾಂಕಿಗೆ ಗಾಳಿ ಹೋಗುವ ಕೊಳವೆ). ಕಲಬುರಗಿಯಲ್ಲಿ ಹಾರುವವರಿಗೆ ಇದರ ಮೇಲೆ ಬಿಸಿಲಿನ ಕಾಟ ಬೇರೆ. ಕೆಳಗಿನ ಅಂಕಿಗಳು ಸೆಸ್ನಾ 172ಎಸ್ ವಿಮಾನದವು. ನಿಮ್ಮ ವಿಮಾನದ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯದೇ ಕೊನೆಯ ಮಾತು.

ಎರಡೂ ಟ್ಯಾಂಕು ಸೇರಿ 56 ಗ್ಯಾಲನ್ ಹಿಡಿಯುತ್ತವೆ. ಬಳಕೆಗೆ ಸಿಗುವುದು 53, ಅಂದರೆ ಸುಮಾರು 200 ಲೀಟರ್. ಕ್ರೂಸ್‌ನಲ್ಲಿ, ಅಂದರೆ ಏರಿದ ಮೇಲೆ ಒಂದೇ ಮಟ್ಟದಲ್ಲಿ ಹಾರುವಾಗ, ಗಂಟೆಗೆ 36 ಲೀಟರ್ ಹಿಡಿದು ಲೆಕ್ಕ ಹಾಕಿ. ಯಾದಗಿರಿ, ಶಹಾಪುರ ಸುತ್ತಿ ಬರುವ 2 ಗಂಟೆಯ ಹಾರಾಟಕ್ಕೆ 72 ಲೀಟರ್. ಸ್ಟಾರ್ಟ್, ಟ್ಯಾಕ್ಸಿ, ಏರುವಿಕೆಗೆ 10. ಬೇರೆಡೆ ಇಳಿಯಬೇಕಾಗಿ ಬಂದರೆ ಅರ್ಧ ಗಂಟೆಯ 18. ಕೊನೆಯ ಮೀಸಲು ಒಂದು ಗಂಟೆಯ 36. ಒಟ್ಟು 136 ಲೀಟರ್. ಅವ್‌ಗ್ಯಾಸ್ (ಸಣ್ಣ ವಿಮಾನಗಳ ಪೆಟ್ರೋಲು) ಲೀಟರಿಗೆ 0.72 ಕೆಜಿ ತೂಗುವುದರಿಂದ ಇದು 98 ಕೆಜಿ. ಅಂತರರಾಷ್ಟ್ರೀಯ ಕನಿಷ್ಠ ಮೀಸಲು ಹಗಲಿಗೆ 30 ನಿಮಿಷ, ರಾತ್ರಿಗೆ 45 ನಿಮಿಷ ಅನ್ನುವುದು ನಿಜ. ಆದರೆ ಎದುರುಗಾಳಿ, ಮಂಜು, ರನ್‌ವೇ ಖಾಲಿಯಾಗಲು ಕಾಯುವುದು ಮೂರೂ ಒಂದೇ ದಿನ ಬರಬಹುದು. ಒಂದು ಗಂಟೆಗಿಂತ ಕಡಿಮೆ ಮೀಸಲಿಟ್ಟು ಹೊರಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪರ್ಯಾಯ ನಿಲ್ದಾಣದ ವಿಷಯದಲ್ಲಿ ಎಚ್ಚರ ಬೇಕು. ಬೀದರ್ 50 ನಾಟಿಕಲ್ ಮೈಲಿಗೂ ಹತ್ತಿರದಲ್ಲಿದೆ, ಆದರೆ ಅದು ವಾಯುಪಡೆಯ ನೆಲೆ. ಮುಂಚಿತ ಅನುಮತಿ ಇಲ್ಲದೆ ಪ್ಲ್ಯಾನಿನಲ್ಲಿ ಬರೆಯಬೇಡಿ. ನಿಜವಾದ ತುರ್ತು ಬಂದರೆ ಮಾತು ಬೇರೆ, ರೇಡಿಯೊದಲ್ಲಿ ಮೇಡೇ ಎಂಬ ಅಪಾಯದ ಕರೆ ಕೂಗಿ ಹೋಗಿ. ಇಳಿದ ಕಡೆ ಅವ್‌ಗ್ಯಾಸ್ ಸಿಕ್ಕೇ ಸಿಗುತ್ತದೆ ಎಂದೂ ನಂಬಬೇಡಿ. ಎಷ್ಟೋ ನಿಲ್ದಾಣಗಳಲ್ಲಿ ಇರುವುದು ದೊಡ್ಡ ವಿಮಾನಗಳ ಜೆಟ್ ಎ-1 ಮಾತ್ರ.

ಗೇಜನ್ನು ನಂಬಿ ಹೊರಡುವುದೇ ಮೊದಲ ತಪ್ಪು. ಡಿಪ್‌ಸ್ಟಿಕ್ ಹಾಕಿಯೇ ನೋಡಿ, ಅದೂ ಆ ಮಾದರಿಗೇ ಗುರುತು ಹಾಕಿದ ಕಡ್ಡಿಯಿಂದ, ವಿಮಾನ ಸಮತಟ್ಟಾದ ಜಾಗದಲ್ಲಿದ್ದಾಗ. ಇಳಿಜಾರಿನಲ್ಲಿ ನಿಲ್ಲಿಸಿದರೆ ಸೆಲೆಕ್ಟರ್ (ಯಾವ ಟ್ಯಾಂಕಿನಿಂದ ಇಂಧನ ಎಂದು ಆರಿಸುವ ಹಿಡಿ) ಬೋತ್‌ನಲ್ಲಿ, ಅಂದರೆ ಎರಡೂ ಟ್ಯಾಂಕಿಗೆ, ಬಿಡಬೇಡಿ. ಮೇಲಿನ ರೆಕ್ಕೆಯ ಇಂಧನ ಕೆಳಗಿನದಕ್ಕೆ ಹರಿದು ಹೊರಗೆ ಸುರಿಯುತ್ತದೆ. ಹಾರಾಟದಲ್ಲಿ ಅರ್ಧ ಗಂಟೆಗೊಮ್ಮೆ ಸಮಯ, ಉಳಿದ ಲೀಟರ್, ಎರಡು ಗೇಜುಗಳ ಓದು, ಈ ಮೂರನ್ನೂ ಮೊಣಕಾಲ ಹಾಳೆಯಲ್ಲಿ ಬರೆಯಿರಿ. ಲೆಕ್ಕಕ್ಕಿಂತ ಗೇಜು ಕಡಿಮೆ ತೋರಿಸಿದರೆ ಗೇಜನ್ನು ನಂಬಿ. ಹೆಚ್ಚು ತೋರಿಸಿದರೆ ಲೆಕ್ಕವನ್ನು ನಂಬಿ.

ಇನ್ನು ಸ್ಯಾಂಪಲ್, ಅಂದರೆ ಇಂಧನವನ್ನು ತಳದಿಂದ ಕಪ್ಪಿಗೆ ಬಸಿದು ನೋಡುವುದು. 172ಎಸ್‌ನಲ್ಲಿ ಬಸಿಯುವ ಜಾಗಗಳು 13: ಪ್ರತಿ ರೆಕ್ಕೆಯಡಿ 5, ಹೊಟ್ಟೆಯಡಿ 3. ಒಂದನ್ನೂ ಬಿಡಬೇಡಿ. ಇಂಧನ ತುಂಬಿದ ತಕ್ಷಣ ಬಸಿದರೆ ನೀರು ಇನ್ನೂ ಕೆಳಗೆ ಇಳಿದಿರುವುದಿಲ್ಲ, ಕಾಲು ಗಂಟೆಯಾದರೂ ಕಾಯಿರಿ. ಕಪ್ಪನ್ನು ಬಿಳಿ ಕಾಗದದ ಎದುರು ಹಿಡಿಯಿರಿ. 100 ಎಲ್‌ಎಲ್ ಎಂಬ ಅವ್‌ಗ್ಯಾಸ್ ತಿಳಿನೀಲಿಯಾಗಿರಬೇಕು. ನೀರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ನಿಲ್ಲುತ್ತದೆ. ಕಪ್ಪಿನ ತುಂಬ ನೀರೇ ಬಂದರೆ ನೀರು-ಪೆಟ್ರೋಲಿನ ನಡುವಿನ ಗೆರೆಯೇ ಕಾಣುವುದಿಲ್ಲ, ಎಲ್ಲವೂ ಶುದ್ಧವಾಗಿರುವಂತೆ ತೋರುತ್ತದೆ, ಮೋಸಹೋಗುವುದು ಇಲ್ಲೇ. ನೀಲಿ ಇದೆಯೇ, ಪೆಟ್ರೋಲಿನ ವಾಸನೆ ಇದೆಯೇ ಎಂದು ನೋಡಿ. ಕಾಗದದ ಮೇಲೆ ಒಂದು ಹನಿ ಹಾಕಿ: ಅವ್‌ಗ್ಯಾಸ್ ಬೇಗ ಆರಿಹೋಗುತ್ತದೆ, ಜೆಟ್ ಇಂಧನ ಬೆರೆತಿದ್ದರೆ ಎಣ್ಣೆಯ ಕಲೆ ಉಳಿಯುತ್ತದೆ. ಜೆಟ್ ಇಂಧನ ಬೆರೆತ ವಿಮಾನ ಟ್ಯಾಕ್ಸಿ ಮಾಡುತ್ತದೆ, ಟೇಕಾಫ್ ಕೂಡ ಆಗಬಹುದು, ಆಮೇಲೆ ಇಂಜಿನ್ನಿನಲ್ಲಿ ಸ್ಫೋಟಕ ದಹನ ಶುರುವಾಗುತ್ತದೆ.

ಎಡರೆಕ್ಕೆಯಡಿ, ಸ್ಟ್ರಟ್ (ರೆಕ್ಕೆಯ ಆಸರೆ ಕಂಬಿ) ಹತ್ತಿರದ ವೆಂಟ್ ಕೊಳವೆಯನ್ನು ಬಗ್ಗಿ ಕಣ್ಣಿಟ್ಟು ನೋಡಿ. ಕಣಜದ ಹುಳ ಅಲ್ಲಿ ಮಣ್ಣುಗೂಡು ಕಟ್ಟುತ್ತದೆ. ಗಾಳಿ ಒಳಗೆ ಹೋಗದಿದ್ದರೆ ಇಂಧನ ಸರಿಯಾಗಿ ಹೊರಗೆ ಬರುವುದಿಲ್ಲ.

ಬೇಸಿಗೆಯ ಮಧ್ಯಾಹ್ನ ಇಳಿದು, ಅರ್ಧ ಗಂಟೆ ನಿಂತು, ಮತ್ತೆ ಸ್ಟಾರ್ಟ್ ಮಾಡುವಾಗ 172ಎಸ್‌ನಂಥ ಇಂಜೆಕ್ಷನ್ ಇಂಜಿನ್ (ಕಾರ್ಬ್ಯುರೇಟರ್ ಇಲ್ಲದೆ ಇಂಧನ ಸಿಂಪಡಿಸುವಂಥದ್ದು) ಹಠ ಹಿಡಿಯುತ್ತದೆ. ಕೌಲಿಂಗ್ (ಇಂಜಿನ್ನಿನ ಹೊದಿಕೆ) ಒಳಗಿನ ಸಣ್ಣ ಪೈಪುಗಳಲ್ಲಿ ಪೆಟ್ರೋಲು ಆವಿಯಾಗಿರುವುದೇ ಕಾರಣ. ಬಿಸಿ ಇಂಜಿನ್ನಿಗೆ ಪ್ರೈಮ್ (ಸ್ಟಾರ್ಟಿಗೆ ಮೊದಲು ಇಂಧನ ಹಾಯಿಸುವುದು) ಬೇಡ. ಥ್ರಾಟಲ್ ಕಾಲು ಇಂಚು ತೆರೆದು, ಮಿಕ್ಸ್ಚರ್ (ಗಾಳಿ-ಇಂಧನದ ಪ್ರಮಾಣ ಹೊಂದಿಸುವ ಹಿಡಿ) ಕಟ್-ಆಫ್‌ನಲ್ಲಿಟ್ಟು ಸ್ಟಾರ್ಟರ್ ತಿರುಗಿಸಿ. ಇಂಜಿನ್ ಹತ್ತಿಕೊಂಡ ಕೂಡಲೇ ಮಿಕ್ಸ್ಚರನ್ನು ನಿಧಾನವಾಗಿ ರಿಚ್‌ಗೆ (ಇಂಧನ ಹೆಚ್ಚಿರುವ ಸ್ಥಿತಿಗೆ) ತನ್ನಿ. ಸ್ಟಾರ್ಟರ್ 10 ಸೆಕೆಂಡು ತಿರುಗಿಸಿದರೆ 20 ಸೆಕೆಂಡು ಬಿಡುವು ಕೊಡಿ. ಪದೇಪದೇ ಹತ್ತದಿದ್ದರೆ 10 ನಿಮಿಷ ತಣಿಯಲು ಬಿಡಿ. ಹಾರುವಾಗ ಫ್ಯೂಯೆಲ್ ಫ್ಲೋ ಮುಳ್ಳು ಏರಿಳಿದು ಇಂಜಿನ್ ತಡವರಿಸಿದರೆ ಪಂಪ್ ಆನ್ ಮಾಡಿ, ಮಿಕ್ಸ್ಚರ್ ಸರಿಹೊಂದಿಸಿ. ಆಗಲೂ ನಿಲ್ಲದಿದ್ದರೆ ಟ್ಯಾಂಕು ಬದಲಿಸಿ.

ಕಲಬುರಗಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. 42 ಡಿಗ್ರಿ ಬಿಸಿಲಿನಲ್ಲಿ ಡೆನ್ಸಿಟಿ ಆಲ್ಟಿಟ್ಯೂಡ್ (ಬಿಸಿಗೆ ತೆಳುವಾದ ಗಾಳಿಯಲ್ಲಿ ವಿಮಾನಕ್ಕೆ ಅನುಭವವಾಗುವ ಎತ್ತರ) 5,100 ಅಡಿಯ ಹತ್ತಿರ ಹೋಗುತ್ತದೆ. ಇಂಜಿನ್ನಿನ ಶಕ್ತಿಯಲ್ಲಿ ಸುಮಾರು ಏಳನೇ ಒಂದು ಭಾಗ ಹೋಯಿತೆಂದೇ ತಿಳಿಯಿರಿ. ಆದ್ದರಿಂದ ತೂಕದ ಲೆಕ್ಕ ಬಿಗಿಯಾಗಿರಲಿ. ಟ್ಯಾಕ್ಸಿಯಲ್ಲಿ ಮಿಕ್ಸ್ಚರ್ ಚೆನ್ನಾಗಿ ಲೀನ್ (ಇಂಧನ ಕಡಿಮೆ) ಮಾಡಿ, ಇಲ್ಲದಿದ್ದರೆ ಪ್ಲಗ್‌ಗಳಿಗೆ ಸೀಸ ಹಿಡಿಯುತ್ತದೆ. 1,800 ಆರ್‌ಪಿಎಂನ ಮ್ಯಾಗ್ನೆಟೊ (ಪ್ಲಗ್‌ಗಳಿಗೆ ಕಿಡಿ ಕೊಡುವ ಎರಡು ಸಾಧನ) ಪರೀಕ್ಷೆಯಲ್ಲಿ 150ಕ್ಕಿಂತ ಹೆಚ್ಚು ಇಳಿಕೆ ಅಥವಾ ಎರಡರ ನಡುವೆ 50ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಹೊರಡುವಂತಿಲ್ಲ. ಲೀನ್ ಮಾಡಿ ಕೆಲವು ಸೆಕೆಂಡು ಓಡಿಸಿ ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಮೆಕ್ಯಾನಿಕ್ ಬಳಿಗೆ.

ಕಾರ್ಬ್ಯುರೇಟರ್ ಇರುವ ಸೆಸ್ನಾ 152ರಲ್ಲಿ ಭಯ ಮಳೆಗಾಲದ್ದು. 22-25 ಡಿಗ್ರಿ, ತೇವದ ಗಾಳಿ, ಇಳಿಯುವಾಗ ತಗ್ಗಿಸಿದ ಥ್ರಾಟಲ್. ಇಷ್ಟಿದ್ದರೆ ಕಾರ್ಬ್ಯುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟಲು ಸಾಕು. ಥ್ರಾಟಲ್ ಇಳಿಸುವ ಮೊದಲೇ ಕಾರ್ಬ್ ಹೀಟ್ (ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡುವ ಹಿಡಿ) ಪೂರ್ತಿ ಎಳೆಯಿರಿ. ಕರಗಿದ ನೀರು ಒಳಹೋಗುವಾಗ ಇಂಜಿನ್ ಇನ್ನಷ್ಟು ಗೊರಗುಡುತ್ತದೆ. ಹೆದರಿ ಹೀಟ್ ಮುಚ್ಚಬೇಡಿ.

ಇಷ್ಟಾದರೂ ಇಂಜಿನ್ ನಿಂತರೆ ಮೊದಲು ಮೂಗು ಇಳಿಸಿ 68 ನಾಟ್ ಹಿಡಿಯಿರಿ, 152ರಲ್ಲಿ 60. ಆ ವೇಗದಲ್ಲಿ 1,000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ಸಿಗುತ್ತದೆ. ಹೊಲ ಆರಿಸಿ ಅತ್ತ ತಿರುಗಿದ ಮೇಲೆ ಕೈ ಕೆಲಸ ಮಾಡಲಿ: ಇಂಧನದ ಷಟಾಫ್ ವಾಲ್ವ್ ಒಳಗೆ (ತೆರೆದ ಸ್ಥಿತಿ), ಸೆಲೆಕ್ಟರ್ ಬೋತ್, ಪಂಪ್ ಆನ್, ಮಿಕ್ಸ್ಚರ್ ರಿಚ್, ಇಗ್ನಿಷನ್ ಬೋತ್. ಹತ್ತದಿದ್ದರೆ ಮೇಡೇ, ಟ್ರಾನ್ಸ್‌ಪಾಂಡರ್‌ನಲ್ಲಿ (ರಾಡಾರಿಗೆ ಗುರುತು ಕಳಿಸುವ ಸಾಧನ) ತುರ್ತಿನ ಸಂಕೇತ 7700. ನೆಲ ಮುಟ್ಟುವ ಮುನ್ನ ಇಂಧನ, ಮಾಸ್ಟರ್ ಎಲ್ಲ ಆಫ್, ಬಾಗಿಲು ಅರೆತೆರೆದಿರಲಿ.

ಟೇಕಾಫ್ ಆದ ಕೂಡಲೇ ನಿಂತರೆ ರನ್‌ವೇಗೆ ಹಿಂದಿರುಗಬೇಡಿ, ನೇರ ಮುಂದಕ್ಕೆ ಇಳಿಯಿರಿ. ಕಲಬುರಗಿಯ ರನ್‌ವೇ 3,175 ಮೀಟರ್ ಉದ್ದವಿದೆ. ತುದಿಯಿಂದಲೇ ಓಟ ಶುರುಮಾಡಿದರೆ 200 ಅಡಿಯಲ್ಲಿ ಇಂಜಿನ್ ನಿಂತರೂ ಮುಂದೆ ಇಳಿಯಲು ರನ್‌ವೇ ಉಳಿದಿರುತ್ತದೆ. ಹೊತ್ತು ಉಳಿಸಲು ನಡುವಿನ ಟ್ಯಾಕ್ಸಿವೇಯಿಂದ ಹೊರಟರೆ ಈ ಭಾಗ್ಯ ಕೈತಪ್ಪುತ್ತದೆ.

ಹೊಲ ಆರಿಸುವುದು ತಿಂಗಳ ಮೇಲೆ ನಿಂತಿದೆ. ಮಳೆ ಬಿದ್ದ ಎರೆ ಭೂಮಿಯಲ್ಲಿ ಮುಂದಿನ ಚಕ್ರ ಹೂತು ವಿಮಾನ ಮಗುಚಿಕೊಳ್ಳುತ್ತದೆ. ನವೆಂಬರ್ ಹೊತ್ತಿಗೆ ತೊಗರಿ ಆಳೆತ್ತರ ನಿಂತಿರುತ್ತದೆ; ಕಟಾವಾದ ಹೊಲ, ಇಲ್ಲವೇ ಕುಳ್ಳಗಿನ ಕಡಲೆ ಹೊಲ ಅದಕ್ಕಿಂತ ಮೇಲು. ಸುರಪುರ, ಶಹಾಪುರದ ಕಾಲುವೆ ಕೆಳಗಿನ ಭತ್ತದ ಗದ್ದೆಗಳನ್ನು ಬಿಟ್ಟುಬಿಡಿ. ಶಹಾಬಾದ್, ಚಿತ್ತಾಪುರದ ಕಡೆ ಕಲ್ಲುಗಣಿಗಳ ಗುಂಡಿಗಳಿವೆ. ಹೆದ್ದಾರಿ ಕಣ್ಣಿಗೆ ಚೆಂದ ಕಂಡರೂ ಅಲ್ಲಿ ಲಾರಿಗಳಿವೆ, ಅಡ್ಡ ಹಾದ ತಂತಿಗಳಿವೆ. ತಂತಿ ಕಾಣದಿದ್ದರೂ ಕಂಬ ಕಾಣುತ್ತದೆ, ಕಂಬಗಳನ್ನೇ ಹುಡುಕಿ. ಬಿತ್ತನೆಯ ಸಾಲುಗಳ ಉದ್ದಕ್ಕೆ ಇಳಿಯಿರಿ, ಬದುವಿಗೆ ಅಡ್ಡಲಾಗಿ ಬೇಡ. ಪೂರ್ತಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಇಳಿಸುವ ಪಟ್ಟಿ) ಹಾಕಿ, ಆದಷ್ಟು ಕಡಿಮೆ ವೇಗದಲ್ಲಿ, ಯೋಕ್ (ವಿಮಾನ ನಡೆಸುವ ಹಿಡಿ) ಹಿಂದಕ್ಕೆ ಎಳೆದು ಮುಂದಿನ ಚಕ್ರವನ್ನು ಕೊನೆಯವರೆಗೂ ಎತ್ತಿ ಹಿಡಿಯಿರಿ.