ಕ್ಲಿಕ್ ಮಾಡೋ ಆಟ: ನಾನು ಆರಿಸಿಕೊಂಡಿದ್ದು ಹೀಗೆ

ಪರದೆ ಮೇಲಿನ ಚಿತ್ರ ಒತ್ತಿ ಒತ್ತಿ ಸಂಖ್ಯೆ ಬೆಳೆಸೋ ಕ್ಲಿಕರ್ ಆಟಗಳಲ್ಲಿ ಕ್ಲಿಕ್ ಮಾಡೋ ಕೆಲಸ ಇರೋದು ಮೊದಲ ಐದು ನಿಮಿಷ ಅಷ್ಟೇ. ಆಮೇಲೆ ಇರೋದೆಲ್ಲ ವ್ಯಾಪಾರ. ಇದು ಗೊತ್ತಾಗೋ ಮೊದಲೇ ಎಷ್ಟೋ ಜನ "ಬಿಸ್ಕೆಟ್ ಚಿತ್ರ ಒತ್ತುತ್ತಾ ಕೂರೋದೂ ಒಂದು ಆಟನಾ?" ಅಂತ ಟ್ಯಾಬ್ ಮುಚ್ಚಿಬಿಡುತ್ತಾರೆ.

ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಟೆಸ್ಟ್ ಓಡೋಕೆ ಬಿಟ್ಟರೆ ಇಪ್ಪತ್ತು ನಿಮಿಷ, ಕೆಲವೊಮ್ಮೆ ಮುಕ್ಕಾಲು ಗಂಟೆ ಕಾಯಬೇಕು. ಆ ಹೊತ್ತಲ್ಲಿ ಪುಸ್ತಕ ಹಿಡಿದರೆ ಅರ್ಧಕ್ಕೆ ಬಿಡಬೇಕು, ರೀಲ್ಸ್ ಹಿಡಿದರೆ ಕೆಲಸನೇ ಬಿಡಬೇಕು. ನನಗೆ ಬೇಕಿದ್ದಿದ್ದು ಒಂದೆರಡು ನಿಮಿಷ ನೋಡಿ, ಏನೋ ಒಂದು ತೀರ್ಮಾನ ಮಾಡಿ, ಮತ್ತೆ ಬಿಟ್ಟು ಹೋಗೋ ಆಟ. ಅಂಥದ್ದನ್ನು ಹುಡುಕುತ್ತಾ ಈ ಜಾತಿಯ ಆಟಗಳನ್ನು ಒಂದಾದಮೇಲೊಂದು ಆಡಿ ನೋಡಿದೆ.

ಶುರುವಾಗಿದ್ದು ಕುಕೀ ಕ್ಲಿಕರ್‌ನಿಂದ. ಫ್ರಾನ್ಸಿನ ಜೂಲಿಯೆನ್ ತಿಯೆನೋ, ಅಂದರೆ ಆಟಗಾರರಿಗೆಲ್ಲ ಗೊತ್ತಿರೋ ಓರ್ತೆಯ್, 2013ರ ಆಗಸ್ಟ್‌ನಲ್ಲಿ ಮಾಡಿದ ಆಟ ಅದು. ದೊಡ್ಡ ಕುಕೀ ಒತ್ತಿದರೆ ಒಂದು ಕುಕೀ ಸಿಗುತ್ತದೆ, ಸಿಕ್ಕಿದ್ದನ್ನು ಕೊಟ್ಟು ಕುಕೀ ಮಾಡೋ ಸಾಧನ ಕೊಳ್ಳಬೇಕು. ನಾನು ಪಟಪಟ ಒತ್ತುತ್ತಿದ್ದುದನ್ನು ನೋಡಿ ಅಣ್ಣನ ಮಗ ಒಂದೇ ಮಾತು ಹೇಳಿದ: "ಅತ್ತೆ, ಬೆರಳು ನೋಯಿಸ್ಕೋಬೇಡಿ, ಅಜ್ಜಿ ತಗೊಳ್ಳಿ."

ಕರ್ಸರ್, ಅಜ್ಜಿ, ತೋಟ ಇವೆಲ್ಲ ಆಟದಲ್ಲಿ ಕೊಳ್ಳೋ ಸಾಧನಗಳ ಹೆಸರು. ಅವನ ಮಾತು ನಿಜವಾ ಅಂತ ಲೆಕ್ಕ ಹಾಕಿದೆ. ಕರ್ಸರ್‌ಗೆ 15 ಕುಕೀ, ಅದು ಹತ್ತು ಸೆಕೆಂಡಿಗೆ ಒಂದು ಕುಕೀ ಕೊಡುತ್ತದೆ. ಅಜ್ಜಿಗೆ 100, ಸೆಕೆಂಡಿಗೆ ಒಂದು. ತೋಟಕ್ಕೆ 1,100, ಸೆಕೆಂಡಿಗೆ 8. ಹಾಕಿದ ದುಡ್ಡು ವಾಪಸ್ ಬರೋಕೆ ಕರ್ಸರ್‌ನಲ್ಲಿ 150 ಸೆಕೆಂಡು ಬೇಕು, ಅಜ್ಜಿಯಲ್ಲಿ 100, ತೋಟದಲ್ಲಿ 137ರ ಮೇಲೆ ಸ್ವಲ್ಪ. ಅಂದರೆ ಅಗ್ಗ ಅಂತ ಕರ್ಸರ್ ಸಾಲುಸಾಲಾಗಿ ಕೊಳ್ಳೋದರಲ್ಲಿ ಲಾಭ ಇಲ್ಲ. ಆದರೆ ಒಂದು ಕೊಂಡ ತಕ್ಷಣ ಅದೇ ಸಾಮಾನಿನ ಬೆಲೆ ಶೇ. 15ರಷ್ಟು ಏರುತ್ತದೆ. ಐದು ಕೊಂಡರೆ ಬೆಲೆ ದುಪ್ಪಟ್ಟು, ಇಪ್ಪತ್ತು ಕೊಂಡರೆ ಹದಿನಾರು ಪಟ್ಟು ದಾಟುತ್ತದೆ. ನಾಲ್ಕನೇ ಅಜ್ಜಿಗೆ 153 ಕೊಡಬೇಕು, ಅಲ್ಲಿಗೆ ತೋಟವೇ ಮೇಲು.

ಹಾಗಂತ ಮೂವರು ಅಜ್ಜಿಯರನ್ನೇ ನೆಚ್ಚಿಕೊಂಡು 1,100 ಕೂಡಿಡೋಕೆ ಕೂತರೆ ಆರು ನಿಮಿಷ ಕಾಯಬೇಕು, 367 ಸೆಕೆಂಡು. ಮಜಾ ಇರೋದು ಇಲ್ಲೇ. ನಡುವೆ ನಾಲ್ಕನೇ ಅಜ್ಜಿಯನ್ನು ಕೊಂಡರೆ ಖರ್ಚಾದರೂ ತೋಟ 326 ಸೆಕೆಂಡಿಗೇ ಬರುತ್ತದೆ. ಐದನೆಯವಳನ್ನೂ ಕೊಂಡರೆ 315ಕ್ಕೆ. ಆರನೆಯವಳನ್ನು ಕೊಂಡರೆ 318, ಅಂದರೆ ಮೂರು ಸೆಕೆಂಡು ತಡ! (ಇದು ಕೈಯಿಂದ ಒಂದೂ ಕ್ಲಿಕ್ ಮಾಡದೆ, ಕರ್ಸರ್ ಇಲ್ಲದೆ ಹಾಕಿದ ಲೆಕ್ಕ.) ಮೂರು ಸೆಕೆಂಡಿಗೆ ಯಾರು ತಲೆ ಕೆಡಿಸಿಕೊಳ್ತಾರೆ ಅಂತೀರಾ? ನಾನು ಕೆಡಿಸಿಕೊಂಡೆ. ಈಗ ಕೊಳ್ಳಲಾ, ದೊಡ್ಡದಕ್ಕೆ ಕೂಡಿಡಲಾ ಅನ್ನೋ ಈ ಒಂದು ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರ್ತಾನೇ ಇರುತ್ತದೆ, ಪ್ರತಿ ಸಲವೂ ಉತ್ತರ ಸ್ವಲ್ಪ ಬೇರೆ. ನನ್ನನ್ನು ಹಿಡಿದಿಟ್ಟಿದ್ದು ಇದೇ. ಸಂಖ್ಯೆ ಏರೋದನ್ನು ನೋಡೋ ಖುಷಿ ಒಂದು ವಾರದಲ್ಲಿ ಹಳಸುತ್ತದೆ.

ಬೆಲೆ ಹೀಗೆ ಗುಣಿಸಿಕೊಂಡು ಏರುತ್ತಾ, ಉತ್ಪತ್ತಿ ಬರೀ ಕೂಡಿಕೊಂಡು ಏರುತ್ತಿದ್ದರೆ ಎಲ್ಲೋ ಒಂದು ಕಡೆ ಗಾಡಿ ನಿಲ್ಲಲೇಬೇಕು. ಅದಕ್ಕೇ ಈ ಆಟಗಳಲ್ಲಿ ಪ್ರೆಸ್ಟೀಜ್ ಅಂತ ಒಂದು ಇರುತ್ತದೆ. ಗಳಿಸಿದ್ದನ್ನೆಲ್ಲ ಬಿಟ್ಟು ಸೊನ್ನೆಯಿಂದ ಶುರು ಮಾಡಿ, ಬದಲಿಗೆ ಶಾಶ್ವತವಾದ ಒಂದು ಅನುಕೂಲ ತಗೊಳ್ಳಿ ಅನ್ನುತ್ತದೆ ಆಟ. ಕುಕೀ ಕ್ಲಿಕರ್‌ನಲ್ಲಿ ಮೊದಲ ಹಂತಕ್ಕೆ 1 ಲಕ್ಷ ಕೋಟಿ ಕುಕೀ ಬೇಕು. ಎರಡನೆಯದಕ್ಕೆ ಒಟ್ಟು 8 ಲಕ್ಷ ಕೋಟಿ, ಹತ್ತಕ್ಕೆ 1,000 ಲಕ್ಷ ಕೋಟಿ, ಹೀಗೆ ಘನದ ಲೆಕ್ಕದಲ್ಲಿ ಹೋಗುತ್ತದೆ. ಒಂದೇ ಹಂತ ಸಿಕ್ಕಿತು ಅಂತ ಸೊನ್ನೆಗೆ ಹಾರೋದು ದಂಡ. ಕೆಲವು ನೂರು ಹಂತ ಕೂಡೋವರೆಗೆ ತಡೆದುಕೊಂಡರೆ ಎರಡನೇ ಸುತ್ತು ಸರಸರ ಓಡುತ್ತದೆ. ಮೊದಲ ಸುತ್ತಿನಲ್ಲಿ ದಿನಗಟ್ಟಲೆ ಹಿಡಿದ ದಾರಿ ಎರಡನೇ ಸಲ ಒಂದು ಊಟದ ಹೊತ್ತಿಗೆ ಮುಗಿದರೆ ಆಗೋ ಸಂತೋಷವೇ ಬೇರೆ.

ಇಷ್ಟೆಲ್ಲ ಹೊಗಳಿದರೂ ಆಫೀಸಿನಲ್ಲಿ ನಾನು ಕುಕೀ ಕ್ಲಿಕರ್ ಬಿಟ್ಟೆ. ಕಾರಣ ಗೋಲ್ಡನ್ ಕುಕೀ. ಶುರುವಿನಲ್ಲಿ ಐದರಿಂದ ಹದಿನೈದು ನಿಮಿಷಕ್ಕೊಮ್ಮೆ ಪರದೆ ಮೇಲೆ ಎಲ್ಲೋ ಒಂದು ಕಡೆ ಕಾಣಿಸಿಕೊಂಡು ಹದಿಮೂರು ಸೆಕೆಂಡಿನಲ್ಲಿ ಮಾಯ ಆಗುತ್ತದೆ. ಒತ್ತಿದರೆ ಕೆಲವು ಸಲ 77 ಸೆಕೆಂಡು ಏಳು ಪಟ್ಟು ಉತ್ಪತ್ತಿ. ಒಲೆ ಮೇಲೆ ಹಾಲಿಟ್ಟ ಹಾಗೆ, ಅತ್ತ ಇತ್ತ ಹೋಗೋ ಹಾಗಿಲ್ಲ. ಮೇಲಾಗಿ ಮೊದಲ ಸುತ್ತಿನಲ್ಲಿ ಟ್ಯಾಬ್ ಮುಚ್ಚಿದರೆ ಉತ್ಪತ್ತಿಯೂ ನಿಲ್ಲುತ್ತದೆ, ಮುಚ್ಚಿದಾಗಲೂ ಒಂದಿಷ್ಟು ಸಿಗಬೇಕಾದರೆ ಪ್ರೆಸ್ಟೀಜ್ ಮಾಡಿ ಅದಕ್ಕೊಂದು ಅಪ್‌ಗ್ರೇಡ್ ಕೊಳ್ಳಬೇಕು. ರಜಾ ದಿನಕ್ಕೆ ಸರಿ, ಕೆಲಸದ ನಡುವೆ ಬೇಡ.

ಹಾಗಾಗಿ ಈಗ ಹೊಸ ಆಟ ತೆರೆದರೆ ನಾನು ಮೊದಲು ನೋಡೋದು, ಇದು ಎಷ್ಟು ಹೊತ್ತಿಗೊಮ್ಮೆ ನನ್ನನ್ನು ಕರೆಯುತ್ತದೆ ಅನ್ನೋದನ್ನ. ಅದನ್ನು ತಿಳಿಯೋಕೆ ಅರ್ಧ ಗಂಟೆ ಸಾಕು. ಹತ್ತು ನಿಮಿಷ ಆಡಿ, ಹತ್ತು ನಿಮಿಷ ಬೇರೆ ಟ್ಯಾಬ್‌ಗೆ ಹೋಗಿ, ವಾಪಸ್ ಬಂದು ಏನು ಸೇರಿದೆ ನೋಡಿ. ಕೆಲವು ಆಟಗಳಲ್ಲಿ ಸೇರಬೇಕಾದಷ್ಟು ಸೇರಿರೋದೇ ಇಲ್ಲ. ಇದರಲ್ಲಿ ಬ್ರೌಸರ್‌ನ ಕೈವಾಡವೂ ಇದೆ: ಹಿಂದೆ ಬಿದ್ದ ಟ್ಯಾಬ್‌ನ ಟೈಮರ್‌ಗಳನ್ನು ಕ್ರೋಮ್ ನಿಧಾನ ಮಾಡುತ್ತದೆ, ಐದು ನಿಮಿಷ ದಾಟಿದರೆ ನಿಮಿಷಕ್ಕೊಮ್ಮೆ ಮಾತ್ರ ಓಡೋಕೆ ಬಿಡೋದೂ ಉಂಟು. ಎಷ್ಟು ಹೊತ್ತು ಕಳೆಯಿತು ಅಂತ ಗಡಿಯಾರ ನೋಡಿ ಲೆಕ್ಕ ಕೂಡಿಸೋ ಆಟಕ್ಕೆ ಇದರಿಂದ ತೊಂದರೆ ಇಲ್ಲ. ಟೈಮರ್‌ನ ಒಂದೊಂದು ಬಡಿತ (ಟಿಕ್) ಎಣಿಸೋ ಆಟ ಮಲಗಿಬಿಡುತ್ತದೆ. ಅಂಥದ್ದನ್ನು ಬೇರೆ ವಿಂಡೋದಲ್ಲಿ, ಕಣ್ಣಿಗೆ ಕಾಣೋ ಹಾಗೆ ಇಡಬೇಕು. ಅಷ್ಟು ಉಪಚಾರ ನನ್ನಿಂದಾಗಲ್ಲ.

ಎರಡನೆಯದು, ಇದಕ್ಕೆ ಕೊನೆ ಇದೆಯಾ? ನನಗೆ ಕೊನೆ ಇರೋದೇ ಇಷ್ಟ. ಫ್ರಾಂಕ್ ಲ್ಯಾಂಟ್ಜ್ 2017ರಲ್ಲಿ ಮಾಡಿದ ಯೂನಿವರ್ಸಲ್ ಪೇಪರ್‌ಕ್ಲಿಪ್ಸ್ ಆ ಥರದ್ದು. ಚಿತ್ರ ಇಲ್ಲ, ಬಿಳಿ ಪುಟದಲ್ಲಿ ಗುಂಡಿಗಳು ಮತ್ತು ಸಂಖ್ಯೆಗಳು ಅಷ್ಟೇ. ನೀವೊಂದು ಕೃತಕ ಬುದ್ಧಿಮತ್ತೆ, ನಿಮ್ಮ ಕೆಲಸ ಪೇಪರ್‌ಕ್ಲಿಪ್ ಮಾಡೋದು. ಕ್ಲಿಪ್‌ನ ಬೆಲೆ ನೀವೇ ಇಡಬೇಕು, ಜಾಸ್ತಿ ಇಟ್ಟರೆ ಸರಕು ಕೂತುಬಿಡುತ್ತದೆ, ಕಡಿಮೆ ಇಟ್ಟರೆ ತಂತಿ ಕೊಳ್ಳೋಕೆ ದುಡ್ಡಿರಲ್ಲ. ನಡುವೆ ಮನುಷ್ಯರ ನಂಬಿಕೆ ಗಳಿಸೋ ಯೋಜನೆಗಳು ಬರುತ್ತವೆ. ಕ್ಯಾನ್ಸರ್‌ಗೆ ಮದ್ದು ಕಂಡುಹಿಡಿದರೆ 10 ಅಂಕ, ಗಂಡಸರ ಬೋಳುತಲೆಗೆ ಮದ್ದು ಕಂಡುಹಿಡಿದರೆ 20! ಆಮೇಲೆ ಕಥೆ ಎಲ್ಲಿಗೆ ಹೋಗುತ್ತದೆ ಅಂತ ಹೇಳಿ ನಿಮ್ಮ ಆಟ ಕೆಡಿಸಲ್ಲ. ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ, ನಿಜವಾಗಿ ಮುಗಿಯುತ್ತದೆ. 2013ರ ಎ ಡಾರ್ಕ್ ರೂಮ್ ಕೂಡ ಹೀಗೇ. ಆರಿದ ಬೆಂಕಿ ಹೊತ್ತಿಸೋದರಿಂದ ಶುರುವಾಗಿ ನಿಧಾನವಾಗಿ ಬೇರೆಯೇ ಆಟವಾಗಿ ತೆರೆದುಕೊಳ್ಳುತ್ತದೆ, ಪೂರಾ ಅಕ್ಷರಗಳಲ್ಲೇ.

ತಿಂಗಳುಗಟ್ಟಲೆ ಆಡೋಕೆ ಬೇಕಾದರೆ ಕಿಟನ್ಸ್ ಗೇಮ್ ಇದೆ. ಬೆಕ್ಕಿನ ಮರಿಗಳ ಊರು ಕಟ್ಟೋದು. ಹೆಸರು ನೋಡಿ ಮಕ್ಕಳಾಟ ಅಂದುಕೊಳ್ಳಬೇಡಿ, ಚಳಿಗಾಲ ಬಂದರೆ ಬೆಳೆ ಕಾಲುಭಾಗಕ್ಕೆ ಇಳಿಯುತ್ತದೆ, ಉಗ್ರಾಣ ಖಾಲಿ ಇದ್ದರೆ ಮರಿಗಳು ಹಸಿವಿನಿಂದ ಸಾಯುತ್ತವೆ. ಆಂಟಿಮ್ಯಾಟರ್ ಡೈಮೆನ್ಷನ್ಸ್ ಲೆಕ್ಕದ ಹುಚ್ಚಿರೋರಿಗೆ. ಇದರಲ್ಲಿ ಕೊಳ್ಳೋ ಸಾಧನಗಳಿಗೆ ಡೈಮೆನ್ಷನ್ ಅಂತ ಹೆಸರು. ಎರಡನೇ ಡೈಮೆನ್ಷನ್ ಮೊದಲನೆಯದನ್ನು ಹುಟ್ಟಿಸುತ್ತದೆ, ಮೂರನೆಯದು ಎರಡನೆಯದನ್ನು, ಹೀಗೆ ಎಂಟರವರೆಗೆ. ಮೊದಲ ಗುರಿ ಒಂದು 309 ಅಂಕಿಯ ಸಂಖ್ಯೆ. ಅದೇ ಯಾಕೆ ಅಂದರೆ ಆಟ ಬರೆದ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಸಾಮಾನ್ಯವಾಗಿ ಹಿಡಿದಿಡಬಲ್ಲ ಅತಿ ದೊಡ್ಡ ಸಂಖ್ಯೆ ಅದೇ, ಅದರಾಚೆ ಅದಕ್ಕೆ ಎಲ್ಲವೂ ಇನ್ಫಿನಿಟಿ, ಅಂದರೆ ಅನಂತ. ಭಾಷೆಯ ಮಿತಿಯನ್ನೇ ಆಟದ ಮೈಲಿಗಲ್ಲು ಮಾಡಿದ್ದಾರೆ, ಟೆಸ್ಟಿಂಗ್ ಮಾಡೋಳಿಗೆ ಇದಕ್ಕಿಂತ ಇನ್ನೇನು ಬೇಕು!

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. "ಎರಡು ಪಟ್ಟು ಬೇಕಾ? ಜಾಹೀರಾತು ನೋಡಿ" ಅಂತ ಮೊದಲ ಹತ್ತು ನಿಮಿಷದಲ್ಲೇ ಕೇಳಿದರೆ ನಾನು ಅಲ್ಲೇ ಮುಚ್ಚುತ್ತೇನೆ. ಅಂಥ ಆಟದಲ್ಲಿ ಕಾಯೋ ಹೊತ್ತನ್ನು ಬೇಕಂತಲೇ ಜಗ್ಗಿರುತ್ತಾರೆ, ನನ್ನ ಲೆಕ್ಕಾಚಾರಕ್ಕೆ ಬೆಲೆನೇ ಇರಲ್ಲ. ಆಟ ವಿನ್ಯಾಸಕ ಇಯಾನ್ ಬೋಗೋಸ್ಟ್ 2010ರಲ್ಲಿ ಇದನ್ನೇ ಗೇಲಿ ಮಾಡೋಕೆ ಅಂತ ಕೌ ಕ್ಲಿಕರ್ ಮಾಡಿದರು. ಆರು ಗಂಟೆಗೊಮ್ಮೆ ಹಸು ಒತ್ತಬೇಕಿತ್ತು, ಕಾಯೋಕಾಗದಿದ್ದರೆ ದುಡ್ಡು ಕೊಡಬೇಕಿತ್ತು. ಜನ ಗೇಲಿಯನ್ನು ಬಿಟ್ಟು ಹಸುವನ್ನು ಹಿಡಿದುಕೊಂಡರು. ಮರುವರ್ಷ ಅವರು ಹಸುಗಳನ್ನೇ ಮಾಯ ಮಾಡಿದರೂ ಖಾಲಿ ಜಾಗ ಒತ್ತುತ್ತಾ ಇದ್ದವರಿದ್ದರು.

ಇನ್ನು ಸೇವ್. ಬ್ರೌಸರ್ ಆಟಗಳು ಸಾಮಾನ್ಯವಾಗಿ ನಿಮ್ಮ ಪ್ರಗತಿಯನ್ನು ಅದೇ ಬ್ರೌಸರ್‌ನೊಳಗೇ ಇಟ್ಟುಕೊಳ್ಳುತ್ತವೆ. ಬ್ರೌಸರ್‌ನ ಕುಕೀಸ್ (ಆಟದ ಕುಕೀ ಅಲ್ಲ) ಮತ್ತು ಸೈಟ್ ಡೇಟಾ ಅಳಿಸಿದರೆ ಅದೂ ಹೋಯಿತು. ಇನ್‌ಕಾಗ್ನಿಟೋದಲ್ಲಿ, ಅಂದರೆ ಬ್ರೌಸರ್‌ನ ಖಾಸಗಿ ವಿಂಡೋದಲ್ಲಿ ಆಡಿದರೆ ವಿಂಡೋ ಮುಚ್ಚಿದಾಗಲೇ ಹೋಯಿತು. ಆಟ ಹಿಡಿಸಿತು ಅನ್ನಿಸಿದ ದಿನವೇ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಹುಡುಕಿ. ಉದ್ದದ ಅರ್ಥವಿಲ್ಲದ ಅಕ್ಷರಗಳ ಸಾಲು ಬರುತ್ತದೆ, ಕಾಪಿ ಮಾಡಿ ನಿಮಗೇ ಒಂದು ಮೇಲ್ ಕಳಿಸಿಕೊಳ್ಳಿ. ಮನೆ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಇಂಪೋರ್ಟ್‌ಗೆ ಹಾಕಿದರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಎಕ್ಸ್‌ಪೋರ್ಟ್ ಇಲ್ಲದ ಆಟವನ್ನು ನಾನು ಒಂದೇ ಕೂತಿನಲ್ಲಿ ಮುಗಿಯೋದಾದರೆ ಮಾತ್ರ ಮುಟ್ಟುತ್ತೇನೆ.